ಹಾಲು, ರಾಗಿ ಎಲ್ಲಾ ಇತ್ತು, ಆದ್ರೂ ಅವ್ವನ ಮೂಳೆ ಯಾಕೆ ಮುರೀತು?

ಇವತ್ತು ಮೂಳೆ ಬಗ್ಗೆ ಮಾತಾಡೋಣ. "ಅಯ್ಯೋ, ಇದು ಅಜ್ಜಿಯರ ಸಬ್ಜೆಕ್ಟು" ಅಂತ ಸ್ಕಿಪ್ ಮಾಡೋಕೆ ಹೊರಟಿದ್ರೆ ಒಂದೈದು ನಿಮಿಷ ತಡೀರಿ. ನಾನೂ ಹಾಗೇ ಅಂದ್ಕೊಂಡಿದ್ದೆ. ನಾನು ಡಯಟೀಷಿಯನ್. ಜನರಿಗೆ ಏನು ತಿನ್ನಬೇಕು ಅಂತ ಹೇಳೋದೇ ನನ್ನ ಹೊಟ್ಟೆಪಾಡು. ಹಾಗಿದ್ದೂ ನಮ್ಮನೆಯಲ್ಲೇ ನಾನು ದೊಡ್ಡದೊಂದು ವಿಷಯ ನೋಡದೇ ಬಿಟ್ಟಿದ್ದೆ.

2023ರ ದೀಪಾವಳಿಗೆ ನಾಲ್ಕು ದಿನ ಇತ್ತು. ಗದಗ ಕಡೆ ನಮ್ಮೂರು. ಅವ್ವ ಹಿತ್ತಲಲ್ಲಿ ಬಟ್ಟೆ ಒಣ ಹಾಕೋಕೆ ಹೋದವಳು ಒದ್ದೆ ಕಲ್ಲಿನ ಮೇಲೆ ಜಾರಿದಳು. ಮೆಟ್ಟಿಲಿಂದ ಬಿದ್ದಿದ್ದಲ್ಲ, ಗಾಡಿಯಿಂದ ಬಿದ್ದಿದ್ದಲ್ಲ. ನಿಂತಲ್ಲೇ ಬಿದ್ದು, ಬೀಳೋವಾಗ ಬಲಗೈ ಊರಿದಳು, ಅಷ್ಟೇ. ಮಣಿಕಟ್ಟು ಮುರೀತು. ಆಗ ಅವಳಿಗೆ 52 ವರ್ಷ.

ನಾನು ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಹೋಗಿ ತಲುಪೋ ಹೊತ್ತಿಗೆ ಪ್ಲಾಸ್ಟರ್ ಹಾಕಿಯಾಗಿತ್ತು. ಮೂಳೆ ಡಾಕ್ಟರ್ ಎಕ್ಸ್‌ರೇ ಎತ್ತಿ ಹಿಡಿದು ಒಂದೇ ಪ್ರಶ್ನೆ ಕೇಳಿದ್ರು: "ಇವರಿಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಗೋಡೆ ನೋಡಿದ್ರು. ಅವ್ವ ಹೇಳಿದಳು: "ಅದ್ಯಾವಾಗೋ ನಿಂತದರೀ. ಗರ್ಭಚೀಲ ತೆಗೆಸೇವಲ್ಲ."

ಅದು 2009ರ ಮಾತು. ನಾನು ಆಗ ಧಾರವಾಡದ ಹಾಸ್ಟೆಲ್‌ನಲ್ಲಿ ಪಿಯುಸಿ ಓದ್ತಿದ್ದೆ. ವಿಪರೀತ ಬ್ಲೀಡಿಂಗ್ ಆಗ್ತಿತ್ತು, ಆಪರೇಷನ್ ಆಯ್ತು ಅಂತ ಗೊತ್ತಿತ್ತು. ರಜೆಗೆ ಬಂದಾಗ ಅವ್ವ ಮಲಗಿದ್ದಳು, ಅಡುಗೆ ಚಿಗವ್ವ ಮಾಡ್ತಿದ್ದಳು. ನನಗೆ ನೆನಪಿರೋದು ಅಷ್ಟೇ. ಆಮೇಲೆ ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಮ್ಮ ಮನೆಗಳಲ್ಲಿ ಇಂಥ ಆಪರೇಷನ್ ಅಂದ್ರೆ ಹಾಗೇ ಅಲ್ವಾ, ಮಾಡಿಸ್ತಾರೆ, ಮುಚ್ಚಿಡ್ತಾರೆ, ಮರೀತಾರೆ.

ಆ ದಿನ ಸಂಜೆ ಟ್ರಂಕಿನ ಅಡಿಯಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದೆ. ಹಳೇ ರೇಷನ್ ಕಾರ್ಡು, ಎಲ್‌ಐಸಿ ಬಾಂಡು, ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು, ಅದರ ಮಧ್ಯೆ ಅವ್ವನ ಡಿಸ್ಚಾರ್ಜ್ ಸಮರಿ. ಯಾವ ಆಸ್ಪತ್ರೆ ಅನ್ನೋದು ಇಲ್ಲಿ ಬೇಡ. ಕೈಬರಹದಲ್ಲಿ ಒಂದು ಸಾಲಿತ್ತು: ಟಿಎಎಚ್ ವಿತ್ ಬಿಎಸ್‌ಓ.

ಟಿಎಎಚ್ ಅಂದ್ರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯೋದು. ಅದು ನಮಗೆಲ್ಲಾ ಗೊತ್ತಿದ್ದ ಭಾಗ. ಬಿಎಸ್‌ಓ ಅಂದ್ರೆ ಎರಡೂ ಕಡೆಯ ಅಂಡಾಶಯ ಮತ್ತು ಅಂಡನಾಳಗಳನ್ನೂ ತೆಗೆದಿದ್ದಾರೆ ಅಂತ. ಅದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ!

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಓದಿದವರೂ ಇಲ್ಲಿ ಕನ್ಫ್ಯೂಸ್ ಆಗ್ತಾರೆ. ಗರ್ಭಕೋಶ ಮಾತ್ರ ತೆಗೆದ್ರೆ ಮುಟ್ಟು ನಿಲ್ಲುತ್ತೆ, ಆದ್ರೆ ಅಂಡಾಶಯ ಒಳಗೇ ಇದ್ದು ಈಸ್ಟ್ರೋಜನ್ ಮಾಡ್ತಾನೇ ಇರುತ್ತೆ. ಅಂಡಾಶಯಗಳನ್ನೂ ತೆಗೆದ್ರೆ ಈಸ್ಟ್ರೋಜನ್ ಒಂದೆರಡು ದಿನದಲ್ಲೇ ಕುಸಿದು ಬೀಳುತ್ತೆ. ನಮ್ಮ ದೇಶದಲ್ಲಿ ತಾನಾಗಿ ಮುಟ್ಟು ನಿಲ್ಲೋ ಸರಾಸರಿ ವಯಸ್ಸು 46-47ರ ಆಸುಪಾಸು, ಅದೂ ಕೆಲವು ವರ್ಷ ಏರಿಳಿತ ಆಗಿ ನಿಧಾನಕ್ಕೆ. ಅವ್ವನಿಗೆ 38ಕ್ಕೇ ಆಯ್ತು, ಒಂದೇ ಮಧ್ಯಾಹ್ನದಲ್ಲಿ.

ಆಗ ನೆನಪಾಯ್ತು ನೋಡಿ. ಆಪರೇಷನ್ ಆದ ವರ್ಷ ಅವ್ವ ಚಳಿಗಾಲದಲ್ಲೂ ಪಡಸಾಲೆಯ ಬರೀ ನೆಲದ ಮೇಲೆ ಮಲಗ್ತಿದ್ದಳು. ನಡುರಾತ್ರಿ ಎದ್ದು ಮುಖಕ್ಕೆ, ಕುತ್ತಿಗೆಗೆ ನೀರು ಹಾಕ್ಕೊಳ್ತಿದ್ದಳು. "ಮೈಯಾಗ ಬೆಂಕಿ ಹಚ್ಚಿದಂಗ ಆಗ್ತದ" ಅಂತಿದ್ದಳು. ಅಜ್ಜಿ ಅದಕ್ಕೆ ಉಷ್ಣ ಅಂತ ಹೆಸರಿಟ್ಟು ಜೀರಿಗೆ ನೀರು ಕುಡಿಸಿದ್ಲು. ಅಷ್ಟಕ್ಕೇ ಮುಗೀತು. ಮೈ ಹೊರಗಡೆ ಕೂಗಿ ಹೇಳ್ತಿತ್ತು. ಮೂಳೆ ಒಳಗಡೆ ಸದ್ದಿಲ್ಲದೆ ಕರಗ್ತಿತ್ತು.

ಡೆಕ್ಸಾ ಸ್ಕ್ಯಾನ್ ಮಾಡಿಸಿದ್ವಿ. ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.9 ಬಂತು. ಮೈನಸ್ 1ರವರೆಗೆ ಸರಿ, 1ರಿಂದ 2.5ರ ಮಧ್ಯೆ ಇದ್ರೆ ಮೂಳೆ ತೆಳುವಾಗ್ತಿದೆ ಅಂತ ಅರ್ಥ, ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಹೋದ್ರೆ ಆಸ್ಟಿಯೋಪೊರೋಸಿಸ್. ಒಂದು ಮಾತು ಸೇರಿಸ್ತೀನಿ. ಮಾಲ್‌ಗಳಲ್ಲಿ, ಮೆಡಿಕಲ್ ಶಾಪ್ ಮುಂದೆ "ಉಚಿತ ಮೂಳೆ ತಪಾಸಣೆ" ಅಂತ ಹಿಮ್ಮಡಿಗೆ ಒಂದು ಮಷೀನ್ ಹಚ್ಚಿ ನೋಡ್ತಾರಲ್ಲ, ಅದು ಡೆಕ್ಸಾ ಅಲ್ಲ. ಅದರ ನಂಬರ್ ಮೇಲೆ ಈ ಲೆಕ್ಕ ಹಾಕೋಕೆ ಬರಲ್ಲ. ಸೊಂಟ ಮತ್ತು ಬೆನ್ನಿನ ಡೆಕ್ಸಾನೇ ಆಗ್ಬೇಕು.

ಈಗ ನನ್ನ ತಪ್ಪಿನ ಕಡೆ ಬರ್ತೀನಿ. ನಾನು ಡಯಟೀಷಿಯನ್ ಆದಾಗಿನಿಂದ ಅವ್ವನಿಗೆ ವಾಟ್ಸಾಪ್‌ನಲ್ಲಿ ಪಾಠ ಮಾಡ್ತಾನೇ ಇದ್ದೆ. "ರಾಗಿ ಅಂಬಲಿ ಕುಡಿ, ಹಾಲು ಬಿಡಬೇಡ, ಎಳ್ಳು ತಿನ್ನು." ಅವ್ವ ಪಾಪ ಮಾಡಿದ್ದಳು. ಜೋಳದ ಸೀಮೆಯವಳು, ರಾಗಿ ಅವಳ ನಾಲಿಗೆಗೆ ಹತ್ತಿದ್ದೇ ಅಲ್ಲ. ಮಗಳು ಹೇಳ್ಯಾಳ ಅಂತ ಸಂತೆಯಿಂದ ರಾಗಿ ತರಿಸಿ ಕುಡೀತಿದ್ದಳು. ಕೈ ಮುರಿದಾಗ ಅವಳು ನನ್ನ ಕೇಳಿದ್ದು ಇದನ್ನೇ: "ನೀ ಹೇಳಿದ್ದೆಲ್ಲಾ ತಿಂದೇನಲ್ಲವಾ, ಮತ್ಯಾಕ ಮುರೀತು?"

ಉತ್ತರ ಬಹಳ ಹಿಂದಿನಿಂದ ಪುಸ್ತಕಗಳಲ್ಲೇ ಇದೆ. 1940ರ ದಶಕದಲ್ಲೇ ಅಮೆರಿಕದ ಬಾಸ್ಟನ್‌ನಲ್ಲಿ ಫುಲ್ಲರ್ ಆಲ್‌ಬ್ರೈಟ್ ಅನ್ನೋ ವೈದ್ಯರು ಮುಟ್ಟು ನಿಲ್ಲೋದಕ್ಕೂ ಮೂಳೆ ಸವೆಯೋದಕ್ಕೂ ಇರೋ ನಂಟನ್ನ ಬರೆದಿದ್ರು. 1987ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದ್ರು. ಮುಟ್ಟು ನಿಂತು ಹೆಚ್ಚು ದಿನ ಆಗಿರದ ಹೆಂಗಸರಲ್ಲಿ ಒಂದು ಗುಂಪಿಗೆ ದಿನಕ್ಕೆ 2000 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ರು, ಇನ್ನೊಂದಕ್ಕೆ ಈಸ್ಟ್ರೋಜನ್, ಮತ್ತೊಂದಕ್ಕೆ ಔಷಧವೇ ಇಲ್ಲದ ಉತ್ತುತ್ತು ಗುಳಿಗೆ. ಎರಡು ವರ್ಷ ನೋಡಿದ್ರು. ಈಸ್ಟ್ರೋಜನ್ ತಗೊಂಡವರ ಮೂಳೆ ನಿಂತಿತು. ಕ್ಯಾಲ್ಸಿಯಂ ತಗೊಂಡವರಲ್ಲಿ ಕೈಯಂಥ ಕಡೆಯ ಗಟ್ಟಿ ಮೂಳೆಯ ಸವೆತ ಸ್ವಲ್ಪ ನಿಧಾನ ಆಯ್ತು ನಿಜ, ಆದ್ರೆ ಬೆನ್ನುಮೂಳೆಯೊಳಗಿನ ಜೇನುಗೂಡಿನಂಥ ಮೂಳೆ ಸವೀತಾನೇ ಹೋಯ್ತು.

ಯಾಕೆ ಹೀಗೆ? ಮೂಳೆ ಅನ್ನೋದು ಕಲ್ಲಲ್ಲ, ದಿನಾ ಒಂದು ಕಡೆ ಕೆಡವಿ ಇನ್ನೊಂದು ಕಡೆ ಕಟ್ಟೋ ಕೆಲಸ ನಡೀತಾ ಇರುತ್ತೆ. ಕೆರೆ ಅಂದ್ಕೊಳ್ಳಿ. ಊಟದಿಂದ ಬರೋ ಕ್ಯಾಲ್ಸಿಯಂ ಒಳಹರಿವು. ತೂಬಿನಿಂದ ನೀರು ಹೊರಗೂ ಹೋಗುತ್ತೆ. ಕೋಲಾರದ ಕಡೆ ಹಿಂದೆ ತೂಬು ಕಾಯೋಕೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ. ಈಸ್ಟ್ರೋಜನ್ ಆ ನೀರುಗಂಟಿ. ಮೂಳೆ ಕೆಡವೋ ಜೀವಕೋಶಗಳು ಮಿತಿ ಮೀರದ ಹಾಗೆ ಅದು ಹಿಡಿದಿಟ್ಟಿರುತ್ತೆ. ನೀರುಗಂಟಿ ಹೋದ, ತೂಬು ಪೂರ್ತಿ ತೆರೀತು. ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲೇ ಮೂಳೆ ಸಾಂದ್ರತೆಯ 20 ಪರ್ಸೆಂಟ್‌ವರೆಗೂ ಹೋಗಬಹುದು. ನಾನು ಬೆಂಗಳೂರಲ್ಲಿ ಕೂತು ಕೊಡದಲ್ಲಿ ನೀರು ತಂದು ಸುರಿ ಅಂತ ಹೇಳ್ತಿದ್ದೆ, ತೂಬಿನ ಕಡೆ ನೋಡಲೇ ಇಲ್ಲ.

ಹಾಗಂತ ಊಟದಿಂದ ಏನೂ ಆಗಲ್ಲ ಅಂತ ಅಲ್ಲ, ದಯವಿಟ್ಟು ಹಾಗೆ ತಗೋಬೇಡಿ. ಒಳಹರಿವೂ ನಿಂತ್ರೆ ಕೆರೆ ಇನ್ನೂ ಬೇಗ ಬತ್ತುತ್ತೆ. ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ಇರಲೇಬೇಕು, ಇಲ್ಲಾಂದ್ರೆ ಹೃದಯ, ನರ ನಡೆಯಲ್ಲ. ಊಟದಿಂದ ಸಿಗದಿದ್ರೆ ದೇಹ ಮೂಳೆಯಿಂದಲೇ ಕಿತ್ತುಕೊಳ್ಳುತ್ತೆ. ಮೂಳೆಗೆ ಕೊಡೋ ಔಷಧಿಗಳು ಕೆಲಸ ಮಾಡೋಕೂ ಒಳಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ರೋಟೀನ್ ಇರಬೇಕು. ಊಟ ಬೇಕೇ ಬೇಕು. ಆದ್ರೆ 38ಕ್ಕೆ ಈಸ್ಟ್ರೋಜನ್ ಕಳ್ಕೊಂಡ ಹೆಂಗಸಿಗೆ ಬರೀ ಊಟ ಸಾಲಲ್ಲ. ಇಷ್ಟು ಚಿಕ್ಕ ವಯಸ್ಸಲ್ಲಿ ಅಂಡಾಶಯ ಹೋದವರಿಗೆ, ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ರೆ, ಸಹಜವಾಗಿ ಮುಟ್ಟು ನಿಲ್ಲೋ ವಯಸ್ಸಿನವರೆಗೆ ಹಾರ್ಮೋನ್ ಕೊಡೋ ಬಗ್ಗೆ ಡಾಕ್ಟರ್ ಮಾತಾಡಲೇಬೇಕು. ಅವ್ವನ ಹತ್ರ ಯಾರೂ ಮಾತಾಡಿರಲಿಲ್ಲ. ಹದಿನಾಲ್ಕು ವರ್ಷ.

ಸರಿ, ಊಟದ ಲೆಕ್ಕಕ್ಕೆ ಬರೋಣ. ಪೆನ್ನು ಬೇಡ, ಸುಮ್ನೆ ಕೇಳಿ. ಮುಟ್ಟು ನಿಂತ ಹೆಂಗಸಿಗೆ ಐಸಿಎಂಆರ್ ಹೇಳೋದು ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ. ನಿಮಗೆ, ಅಂದ್ರೆ ಇಪ್ಪತ್ತು, ಮೂವತ್ತರಲ್ಲಿ ಇರೋರಿಗೆ, 1000. ನಮ್ಮ ಉತ್ತರ ಕರ್ನಾಟಕದ ಊಟದಲ್ಲಿ ಸಮಸ್ಯೆ ಎಲ್ಲಿ ಅಂದ್ರೆ ಜೋಳದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ: 100 ಗ್ರಾಂಗೆ ಸುಮಾರು 28 ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ರಾಗಿಗೆ 364 ಇದೆ. ಅನ್ನ ಅಂತೂ ಜೋಳಕ್ಕಿಂತ ಬಡವ. ರೊಟ್ಟಿ ಬಿಡಿ ಅಂತ ನಾನು ಹೇಳಲ್ಲ, ಗದಗಿನವಳ ಬಾಯಿಂದ ಆ ಮಾತು ಬರೋದೂ ಇಲ್ಲ. ರೊಟ್ಟಿ ಜೊತೆ ಏನಿದೆ ಅನ್ನೋದು ಮುಖ್ಯ.

ಅವ್ವನ ಈಗಿನ ದಿನ ಹೀಗಿದೆ. ಬೆಳಿಗ್ಗೆ 50 ಗ್ರಾಂ ರಾಗಿ ಹಿಟ್ಟಿನ ಅಂಬಲಿ, ಸುಮಾರು 180 ಮಿಲಿಗ್ರಾಂ. ದಿನಕ್ಕೆ ಹಾಲು, ಮೊಸರು ಎರಡೂ ಸೇರಿ ಅರ್ಧ ಲೀಟರ್, ಸುಮಾರು 600. ಸಿಪ್ಪೆ ಇರೋ ಎಳ್ಳಿನ ಚಟ್ನಿಪುಡಿ ಒಂದು ದೊಡ್ಡ ಚಮಚ, ಅದರಲ್ಲಿ ಎಳ್ಳು 10 ಗ್ರಾಂ ಇದ್ರೆ ನೂರು ಚಿಲ್ಲರೆ. ವಾರದಲ್ಲಿ ಮೂರು ನಾಲ್ಕು ದಿನ ನುಗ್ಗೆಸೊಪ್ಪಿನ ಪಲ್ಯ, 50 ಗ್ರಾಂಗೆ ಸುಮಾರು 150. ಬೇಳೆ, ಕಾಳು, ತರಕಾರಿಯಿಂದ ಉಳಿದದ್ದು. ಹಾಲು-ಮೊಸರು ತೆಗೆದುಬಿಟ್ರೆ ಈ ಲೆಕ್ಕ ಕುಸಿಯುತ್ತೆ ನೋಡಿ, ಅದಕ್ಕೇ ಹಾಲು ಒಗ್ಗದವರು ಗುಳಿಗೆ ಬಗ್ಗೆ ಡಾಕ್ಟರ್ ಹತ್ರ ಕೇಳ್ಬೇಕು. ಮೊದಲು ಅವ್ವ ಹಾಲು ಕುಡೀತೀನಿ ಅಂತಿದ್ದದ್ದು ಏನು ಗೊತ್ತಾ? ದಿನಕ್ಕೆ ನಾಲ್ಕು ಕಪ್ ಚಹಾ! ಒಂದು ಕಪ್ಪಿಗೆ ಎರಡು ಚಮಚ ಹಾಲು. ನಾನು ಒಂದು ದಿನವೂ ಎಷ್ಟು ಹಾಲು ಅಂತ ಕೇಳಿರಲಿಲ್ಲ.

ರಾಗಿ ಬಗ್ಗೆ ಒಂದು ನಿಜ ಹೇಳ್ತೀನಿ, ರಾಗಿ ಅಭಿಮಾನಿಗಳು ಬೇಜಾರಾಗ್ಬೇಡಿ. ಪಟ್ಟಿಯಲ್ಲಿ ಇರೋದೆಲ್ಲಾ ಮೈಗೆ ಹತ್ತಲ್ಲ. ರಾಗಿ, ಎಳ್ಳು ಇವುಗಳಲ್ಲಿ ಫೈಟೇಟ್ ಅನ್ನೋ ಅಂಶ ಕ್ಯಾಲ್ಸಿಯಂನ ಕಟ್ಟಿ ಹಾಕುತ್ತೆ. ಮೊಳಕೆ ಕಟ್ಟಿಸಿ ಒಣಗಿಸಿ ಹಿಟ್ಟು ಮಾಡಿದ್ರೆ, ಅಥವಾ ಅಂಬಲಿ ರಾತ್ರಿಯಿಡೀ ಹುಳಿ ಬರಿಸಿದ್ರೆ ಆ ಕಟ್ಟು ಸಡಿಲ ಆಗುತ್ತೆ. ನಮ್ಮ ಹಿರಿಯರು ಸುಮ್ನೆ ಹುಳಿ ಅಂಬಲಿ ಕುಡೀತಿರಲಿಲ್ಲ. ಪಾಲಕ್ ಕಥೆ ಇನ್ನೂ ಕಷ್ಟ. ಅದರ ಕ್ಯಾಲ್ಸಿಯಂನಲ್ಲಿ ಮೈಗೆ ಸೇರೋದು ನೂರಕ್ಕೆ ಐದರಷ್ಟು, ಹಾಲಿನದ್ದಾದ್ರೆ ಮೂವತ್ತರ ಹತ್ತಿರ. ಪಾಲಕ್ ತಿನ್ನಿ, ಬೇರೆ ಕಾರಣಕ್ಕೆ ತಿನ್ನಿ, ಮೂಳೆ ಲೆಕ್ಕಕ್ಕೆ ಹಿಡೀಬೇಡಿ.

ಪ್ರೋಟೀನ್ ಮರೆತೇಬಿಡ್ತೀವಿ. ಮೂಳೆಯ ಗಾತ್ರದಲ್ಲಿ ಹೆಚ್ಚುಕಮ್ಮಿ ಅರ್ಧ ಪ್ರೋಟೀನ್. ಹೆಚ್ಚು ಪ್ರೋಟೀನ್ ತಿಂದ್ರೆ ಮೂಳೆ ಕರಗುತ್ತೆ ಅಂತ ಹಿಂದೆ ಒಂದು ನಂಬಿಕೆ ಇತ್ತು, ಕ್ಯಾಲ್ಸಿಯಂ ಸಾಕಷ್ಟಿದ್ರೆ ಅದು ನಿಜ ಅಲ್ಲ. ಈ ವಯಸ್ಸಿನವರಿಗೆ ತೂಕದ ಕಿಲೋಗೆ ಒಂದು ಗ್ರಾಂ, ಸ್ವಲ್ಪ ಮೇಲೆ ಇದ್ರೂ ಒಳ್ಳೇದು, ಕಿಡ್ನಿ ತೊಂದರೆ ಇಲ್ಲಾಂದ್ರೆ. ಅವ್ವ 58 ಕಿಲೋ. ನಾನು ಕೂತು ಲೆಕ್ಕ ಹಾಕಿದ್ರೆ ಅವಳು ತಿಂತಿದ್ದದ್ದು 35 ಗ್ರಾಂ. ಎಲ್ಲರಿಗೂ ಬಡಿಸಿ ಕೊನೆಗೆ ಕೂತವಳ ತಟ್ಟೆಗೆ ಪಲ್ಯದ ರಸ ಬರುತ್ತೆ, ಕಾಳು ಬರಲ್ಲ. ಇದನ್ನ ಯಾವ ಪಟ್ಟಿಯಲ್ಲೂ ಬರೆದಿರಲ್ಲ. ಈಗ ಅಪ್ಪ, ಅವ್ವ ಒಟ್ಟಿಗೆ ಕೂತು ಉಣ್ತಾರೆ. ಅವ್ವನಿಗೆ ಒಂದು ಮೊಟ್ಟೆ, ಒಂದು ಹಿಡಿ ಶೇಂಗಾ ಜಾಸ್ತಿ.

ಉಪ್ಪು. ಸುಮಾರು 6 ಗ್ರಾಂ ಉಪ್ಪು ತಿಂದ್ರೆ ಅದು ಮೂತ್ರದಲ್ಲಿ 40 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂನ ಎಳ್ಕೊಂಡು ಹೋಗುತ್ತೆ. ಉಪ್ಪಿನಕಾಯಿ, ಹಪ್ಪಳ ಅವ್ವನ ಪ್ರಾಣ. ಇಲ್ಲಿ ನಾನು ಪೂರ್ತಿ ಗೆದ್ದಿಲ್ಲ.

ಬಿಸಿಲು ಇಷ್ಟಿರೋ ನಾಡಲ್ಲಿ ವಿಟಮಿನ್ ಡಿ ಕೊರತೆ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಬೆಳಗಿನ ಎಳೆ ಬಿಸಿಲಲ್ಲಿ ಬೇಕಾದ ಕಿರಣ ಕಮ್ಮಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರೋ ಹೊತ್ತು ಬೇಕು, ಮೈ ಮೇಲೆ ನೇರ ಬೀಳಬೇಕು. ಆಫೀಸಿನ ಗಾಜಿನ ಒಳಗಿಂದ ಬಂದ ಬಿಸಿಲು ಲೆಕ್ಕಕ್ಕಿಲ್ಲ. ನಮ್ಮ ಬಣ್ಣದವರಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಕಮ್ಮಿ ಇದ್ರೆ ಡಾಕ್ಟರ್ 60,000 ಯೂನಿಟ್‌ನ ಪುಡಿ ಕೊಡ್ತಾರೆ, ಕೆಲವು ವಾರ ಅಂತ. ಆ ಚೀಟಿ ಇಟ್ಕೊಂಡು ವರ್ಷಗಟ್ಟಲೆ ವಾರವಾರ ನುಂಗೋರನ್ನ ನಾನು ನೋಡಿದ್ದೀನಿ. ಬೇಡ, ಅದು ಜಾಸ್ತಿ ಆದ್ರೆ ರಕ್ತದ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆಯುತ್ತೆ.

ಕ್ಯಾಲ್ಸಿಯಂ ಗುಳಿಗೆ ಬರೆದಿದ್ರೆ ಒಂದೇ ಸಲ ಎಲ್ಲಾ ನುಂಗಬೇಡಿ, ಒಂದು ಹೊತ್ತಿಗೆ 500 ಮಿಲಿಗ್ರಾಂನಷ್ಟೇ ಮೈಗೆ ಚೆನ್ನಾಗಿ ಸೇರೋದು. ಕಾರ್ಬೊನೇಟ್ ಆದ್ರೆ ಊಟದ ಜೊತೆ. ಕಬ್ಬಿಣದ ಗುಳಿಗೆ ಬೇರೆ ಹೊತ್ತಿಗೆ. ಥೈರಾಯ್ಡ್ ಗುಳಿಗೆಗೂ ಇದಕ್ಕೂ ನಾಲ್ಕು ಗಂಟೆ ಅಂತರ. ಇನ್‌ಸ್ಟಾಗ್ರಾಂನ ಕೊಲಾಜನ್ ಪೌಡರ್ ದುಡ್ಡಲ್ಲಿ ತಿಂಗಳಿಡೀ ಮೊಟ್ಟೆ ಬರುತ್ತೆ, ಅಷ್ಟು ಹೇಳಿ ಮುಂದೆ ಹೋಗ್ತೀನಿ.

ಅವ್ವನಿಗೆ ಈಗ 50 ದಾಟಿರೋದ್ರಿಂದ ಡಾಕ್ಟರ್ ಹಾರ್ಮೋನ್ ಬದಲು ವಾರಕ್ಕೊಂದು ಮೂಳೆ ಗುಳಿಗೆ ಶುರು ಮಾಡಿದ್ರು, ಅಲೆಂಡ್ರೋನೇಟ್. ಖಾಲಿ ಹೊಟ್ಟೆಯಲ್ಲಿ, ಬರೀ ನೀರಲ್ಲಿ, ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಏನೂ ತಿನ್ನೋ ಹಾಗಿಲ್ಲ. ಎರಡು ತಿಂಗಳಾದ ಮೇಲೆ ನಾನು ಊರಿಗೆ ಹೋದಾಗ ನೋಡ್ತೀನಿ, ಭಾನುವಾರ ಬೆಳಿಗ್ಗೆ ಅಪ್ಪ ದೊಡ್ಡ ಲೋಟದಲ್ಲಿ ಬಿಸಿ ಹಾಲು, ಪಕ್ಕದಲ್ಲಿ ಆ ಗುಳಿಗೆ ಇಟ್ಕೊಂಡು ಬರ್ತಿದ್ದಾರೆ! "ಎಲುಬಿನ ಗುಳಿಗಿ, ಹಾಲಿನ ಜೋಡಿ ಕೊಟ್ರ ಚಲೋ ಅಲ್ಲೇನು?" ಅಂತ. ಹಾಲಿನ ಕ್ಯಾಲ್ಸಿಯಂ ಆ ಗುಳಿಗೆನ ಹೊಟ್ಟೆಯಲ್ಲೇ ಹಿಡಿದುಬಿಡುತ್ತೆ, ಒಳಗೆ ಹೋಗೋಕೇ ಬಿಡಲ್ಲ. ಎರಡು ತಿಂಗಳ ಗುಳಿಗೆ ನೀರಲ್ಲಿ ಹೋಮ. ಅಪ್ಪನ ಬೈಯೋಕೂ ಮನಸ್ಸು ಬರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅವ್ವನಿಗೆ ಹಾಲು ಕಾಯಿಸಿ ಕೊಟ್ಟಿದ್ದು ಅದೇ ಮೊದಲು.

ಈಗ ನಿಮ್ಮ ಕಡೆಗೆ. ಮೂಳೆ ತುಂಬೋ ಕಾಲ ಇಪ್ಪತ್ತರ ಕೊನೆ, ಮೂವತ್ತರ ಹೊತ್ತಿಗೆ ಮುಗಿಯುತ್ತೆ. ಆಮೇಲೆ ಇರೋದನ್ನ ಕಾಪಾಡೋದಷ್ಟೇ. ಇನ್ನೊಂದು ವಿಷಯ, ನನ್ನ ಹತ್ರ ಬರೋ ಹುಡುಗಿಯರಲ್ಲಿ ಪದೇ ಪದೇ ನೋಡ್ತೀನಿ. ಮದುವೆಗೆ, ರೀಲ್ಸ್‌ಗೆ ಅಂತ ಊಟ ಬಿಟ್ಟು ತೂಕ ಇಳಿಸಿ, ಜಿಮ್ಮಲ್ಲಿ ಎರಡೆರಡು ಗಂಟೆ ಓಡಿ, ಮೂರ್ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, "ಆರಾಮಾಗಿದ್ದೀನಿ ಮ್ಯಾಮ್, ಕಿರಿಕಿರಿ ಇಲ್ಲ" ಅಂತಾರೆ. ಆರಾಮ ಅಲ್ಲ ಅದು. ಊಟ ಸಾಲದೆ ಅಂಡಾಶಯ ಕೆಲಸ ನಿಲ್ಲಿಸಿದೆ, ಈಸ್ಟ್ರೋಜನ್ ಇಳಿದಿದೆ, 24ಕ್ಕೇ ತೂಬು ತೆರೆದಿದೆ. ಮೂರು ತಿಂಗಳು ಮುಟ್ಟು ಬರಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ. ಸ್ತನ ಕ್ಯಾನ್ಸರ್‌ಗೆ ಹಾರ್ಮೋನ್ ತಡೆಯೋ ಗುಳಿಗೆ ತಗೊಳ್ಳೋ ಅಮ್ಮಂದಿರ ಮಕ್ಕಳು ಕೂಡ ಡೆಕ್ಸಾ ಬಗ್ಗೆ ಕೇಳಿ.

ಮತ್ತೆ, ಗಂಡುಮಕ್ಕಳೂ ಸೇರಿ ಎಲ್ಲರೂ, ಮನೆಯ ಟ್ರಂಕು, ಬೀರು ಎಲ್ಲಾದ್ರೂ ಅಮ್ಮನ ಹಳೇ ಆಪರೇಷನ್ ಕಾಗದ ಇದ್ರೆ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ಅಂಡಾಶಯ ಇದೆಯಾ ಇಲ್ವಾ ನೋಡಿ. ಕಾಗದ ಕಳೆದಿದ್ರೆ ಒಂದು ಸ್ಕ್ಯಾನಿಂಗ್‌ನಲ್ಲಿ ಡಾಕ್ಟರ್ ನೋಡಿ ಹೇಳೋಕೆ ಪ್ರಯತ್ನ ಮಾಡ್ತಾರೆ. ಅಂಡಾಶಯ ತೆಗೆಯೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕ್ಯಾನ್ಸರ್, ಕೆಲವು ಗಡ್ಡೆಗಳಲ್ಲಿ ತೆಗೀಲೇಬೇಕು. ಆದ್ರೆ 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯೋ ಹೆಂಗಸರ ಗರ್ಭಕೋಶದ ಸುದ್ದಿ ಓದಿರ್ತೀರಿ. 2023ರಲ್ಲಿ ಸುಪ್ರೀಂ ಕೋರ್ಟೇ ಬೇಡದ ಗರ್ಭಕೋಶ ಆಪರೇಷನ್‌ಗಳ ಮೇಲೆ ಕಣ್ಣಿಡೋ ಮಾರ್ಗಸೂಚಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳ್ಬೇಕಾಯ್ತು. ಅವ್ವನಿಗೆ ಯಾಕೆ ತೆಗೆದ್ರು ಅಂತ ಆ ಕಾಗದದಲ್ಲಿ ಕಾರಣ ಬರೆದಿಲ್ಲ.

ಹೋದ ತಿಂಗಳು ಚಿಗವ್ವನಿಗೂ ಗರ್ಭಕೋಶದ ಗಡ್ಡೆ ಅಂತ ಆಪರೇಷನ್ ಹೇಳಿದ್ರು. ಅವಳಿಗೆ 41. ಆಸ್ಪತ್ರೆಗೆ ಜೊತೆಗೆ ಹೋದದ್ದು ಅವ್ವ. ಸಹಿ ಮಾಡೋ ಕಾಗದ ಮುಂದೆ ಬಂದಾಗ ಅವ್ವ ಚಿಗವ್ವನ ಕೈ ಹಿಡಿದು, "ತಡೀರೀ ಡಾಕ್ಟ್ರ, ಚೀಲ ಅಷ್ಟ ತೆಗಿತೀರೋ, ಅಂಡಾಶಯನೂ ತೆಗಿತೀರೋ? ತೆಗೆಯೋದಾದ್ರ ಯಾಕ?" ಅಂತ ಕೇಳಿದಳಂತೆ. ಆ ಡಾಕ್ಟರಮ್ಮ ಕೂತ್ಕೊಂಡು ಚಿತ್ರ ಬರೆದು ವಿವರಿಸಿದ್ರಂತೆ, ಅಂಡಾಶಯ ಚೆನ್ನಾಗಿದೆ, ಮುಟ್ಟಲ್ಲ ಅಂದ್ರಂತೆ. ಮೊನ್ನೆ ಡಿಸ್ಚಾರ್ಜ್ ಆಯ್ತು. ಸಂಜೆ ಅವ್ವ ಆ ಕಾಗದದ ಫೋಟೋ ನನಗೆ ಕಳಿಸಿದಳು, ಸ್ವಲ್ಪ ಅಲುಗಾಡಿತ್ತು, ಆದ್ರೂ ಓದೋಕೆ ಬಂತು. ಕೆಳಗೆ ವಾಯ್ಸ್ ಮೆಸೇಜು: "ಆ ಮೂರು ಅಕ್ಷರ ಇಲ್ಲಲ್ಲ? ಸರಿಯಾಗಿ ನೋಡಿ ಹೇಳು."

ಇಲ್ಲ, ನೋಡಿದೆ. ಎರಡು ಸಲ ನೋಡಿದೆ.